ಹಿಮ ಬೀಳದೆಯೂ ಹಿಮಬಿರುಗಾಳಿ?

ಪ್ರಶ್ನೆ: ಮಗ ಅಮೆರಿಕದ ನಾರ್ತ್ ಡಕೋಟದಲ್ಲಿ ಓದುತ್ತಿದ್ದಾನೆ. ಅಲ್ಲಿ ಹಿಮ ಬೀಳದಿದ್ದರೂ ಹಿಮಬಿರುಗಾಳಿ ಏಳುತ್ತದಂತೆ. ನಿಜವೇ?
– ಓದುಗರೊಬ್ಬರು, ಸಹಕಾರನಗರ

ಉತ್ತರ: ನಿಜ. ಗಾಳಿ ಗಂಟೆಗೆ ಸುಮಾರು 56 ಕಿ.ಮೀ. ವೇಗ ಮುಟ್ಟಿ, 400 ಮೀಟರಿನಾಚೆ ಏನೂ ಕಾಣದ ಸ್ಥಿತಿ 3 ಗಂಟೆ ಮುಂದುವರಿದರೆ ಅಲ್ಲಿನ ಹವಾಮಾನ ಇಲಾಖೆ ಅದನ್ನು ‘ಬ್ಲಿಝರ್ಡ್’ ಎನ್ನುತ್ತದೆ. ಹೊಸ ಹಿಮ ಬೇಕೆಂದೇನಿಲ್ಲ. ಮೊದಲೇ ಬಿದ್ದ ಪುಡಿಹಿಮವನ್ನು ಗಾಳಿ ಎಬ್ಬಿಸಿದರೂ ಸಾಕು. ಮರ, ಗುಡ್ಡಗಳ ತಡೆಯಿಲ್ಲದ ಬಯಲಲ್ಲಿ ನೆಲ, ಬಾನು ಒಂದೇ ಬಿಳುಪಾಗಿ ದಿಕ್ಕೇ ತಪ್ಪುತ್ತದೆ. 1888ರ ಜನವರಿ 12ರಂದು ಆ ಬಯಲುಸೀಮೆಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಸತ್ತ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಅನೇಕರು.

ನಮಗೂ ಇದು ದೂರದ ಕಥೆಯಲ್ಲ. 2024ರಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಬೆಂಗಳೂರಿನವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅದೂ ಜೂನ್ ತಿಂಗಳಲ್ಲಿ! ನಿಮ್ಮ ಬ್ಯಾಟರಾಯನಪುರ ಕ್ಷೇತ್ರದ ಶಾಸಕ, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಧಾವಿಸಬೇಕಾಯಿತು.

ಮಗನಿಗೆ ಇಷ್ಟು ಹೇಳಿ: ಕಾರು ಹಿಮದಲ್ಲಿ ಸಿಕ್ಕಿಕೊಂಡರೆ ಇಳಿದು ನಡೆಯಬಾರದು. ಸೈಲೆನ್ಸರ್ ಬಾಯಿಗೆ ಮೆತ್ತಿದ ಹಿಮ ತೆಗೆದು, ಆಗಾಗ ಮಾತ್ರ ಎಂಜಿನ್ ಓಡಿಸುತ್ತಾ ಒಳಗೇ ಕಾಯಬೇಕು.