ಅಯಾನಿನ ದಾರಿ, ನೀರಿನ ಲೆಕ್ಕ

ಸೇವೆಯಲ್ಲಿದ್ದಾಗ ಬಯಲುಸೀಮೆಯ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಕಡತಗಳಿಗೆ ನಾನೂ ಸಹಿ ಹಾಕಿದ್ದೇನೆ. ಫ್ಲೋರೈಡ್ ಪೀಡಿತ ಊರೊಂದರಲ್ಲಿ, ಮೊಣಕಾಲು ಬಾಗಿದ್ದ ಹಿರಿಯರೊಬ್ಬರು ಘಟಕದ ಹಿಂದೆ ಚರಂಡಿಗೆ ಹರಿಯುತ್ತಿದ್ದ ನೀರನ್ನು ತೋರಿಸಿ, ‘ಸ್ವಾಮಿ, ಕುಡಿಯೋದಕ್ಕಿಂತ ಚೆಲ್ಲೋದೇ ಜಾಸ್ತಿ ಆಯ್ತಲ್ಲ’ ಎಂದರು. ಅರ್ಥಶಾಸ್ತ್ರ ಓದಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ನಿವೃತ್ತಿಯ ಬಳಿಕ ಆ ಪ್ರಶ್ನೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ನ್ಯಾನೊಮೀಟರಿನಷ್ಟು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಕಿರಿದಾದ ರಂಧ್ರಗಳ ಲೋಕ. ಫ್ಲೋರೈಡ್ ಅಯಾನು ಕ್ಲೋರೈಡಿಗಿಂತ ಚಿಕ್ಕದು. ಆದರೂ ಇಂತಹ ಕಿಂಡಿಯಲ್ಲಿ ನುಸುಳುವುದು ಅದಕ್ಕೇ ಹೆಚ್ಚು ಕಷ್ಟ. ತನ್ನ ಸುತ್ತಲಿನ ನೀರಿನ ಅಣುಗಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆ ಹೊದಿಕೆಯನ್ನು ಕಳಚಲು ತೆರಬೇಕಾದ ಶಕ್ತಿಯೇ ಕಿಂಡಿಯ ಬಾಯಲ್ಲಿನ ಸುಂಕ.

ನಮ್ಮ ಜೀವಕೋಶಗಳ ಪೊಟ್ಯಾಸಿಯಂ ನಾಳವೂ ಇದೇ ಸೂತ್ರವನ್ನು ಬಳಸುತ್ತದೆ. ದೊಡ್ಡದಾದ ಪೊಟ್ಯಾಸಿಯಂ ಒಳಹೋಗುತ್ತದೆ, ಚಿಕ್ಕದಾದ ಸೋಡಿಯಂ ಹೊರಗುಳಿಯುತ್ತದೆ. ನಾಳದ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂಗೆ ಮಾತ್ರ ನೀರಿನ ಸ್ಥಾನವನ್ನು ತುಂಬಿಕೊಡುತ್ತವೆ. ಈ ನಾಳದ ರಚನೆಯನ್ನು ಬಯಲಿಗೆ ತಂದ ರೋಡರಿಕ್ ಮೆಕಿನನ್ 2003ರಲ್ಲಿ ನೊಬೆಲ್ ಪಡೆದರು.

ಅಯಾನೊಂದರ ಈ ಪಯಣವನ್ನು ಹೆಜ್ಜೆಹೆಜ್ಜೆಯಾಗಿ ಕಣ್ಣಾರೆ ಕಾಣಲಾಗದು. ಆದ್ದರಿಂದ ಕಂಪ್ಯೂಟರಿನಲ್ಲಿ ಅನುಕರಿಸುತ್ತಾರೆ. ಪ್ರತಿ ಪರಮಾಣುವಿನ ಮೇಲಿನ ಬಲವನ್ನು ಲೆಕ್ಕ ಹಾಕಿ, ಒಂದು ಫೆಮ್ಟೊಸೆಕೆಂಡು ಮುಂದೂಡಿ, ಮತ್ತೆ ಲೆಕ್ಕ ಹಾಕಬೇಕು. ಒಂದು ನ್ಯಾನೊಸೆಕೆಂಡಿಗೆ ಇಂತಹ 10 ಲಕ್ಷ ಹೆಜ್ಜೆಗಳು. ಯಾವ ಅಳತೆಯ, ಯಾವ ವಿದ್ಯುದಾವೇಶದ ರಂಧ್ರ ಫ್ಲೋರೈಡನ್ನು ತಡೆದು ನಿರುಪದ್ರವಿ ಲವಣಗಳನ್ನು ಬಿಟ್ಟುಕೊಡುತ್ತದೆಂದು ತಿಳಿದರೆ, ಕಡಿಮೆ ಒತ್ತಡದಲ್ಲಿ, ಕಡಿಮೆ ನೀರು ಚೆಲ್ಲಿ ಕೆಲಸ ಸಾಗಿಸಬಹುದು.

ಆದರೆ ಎಚ್ಚರವೂ ಬೇಕು. ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂಬ ಷರತ್ತಿನೊಡನೆ ಬದುಕಿದ ಅರ್ಥಶಾಸ್ತ್ರದ ವಿದ್ಯಾರ್ಥಿ ನಾನು. ಲೆಕ್ಕದೊಳಗಿನ ರಂಧ್ರ ನೇರ, ನುಣುಪು. ನಿಜವಾದ ಪೊರೆ ಒರಟು, ಕೊಳೆಯೂ ಕಟ್ಟುತ್ತದೆ. ಅನುಕರಣೆ ದಾರಿ ತೋರಬಹುದು. ತೀರ್ಪು ನೀಡಬೇಕಾದದ್ದು ಪ್ರಯೋಗಾಲಯ ಮತ್ತು ಹಳ್ಳಿಯ ಕೊಳವೆಬಾವಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಸ್ಥಾಪನೆಯಾಯಿತು. ಘಟಕಗಳಿಗೆ ಹಣ ಮಂಜೂರು ಮಾಡುವ ಸರ್ಕಾರ, ಇಂತಹ ಲೆಕ್ಕಕ್ಕೂ ಅದರ ಕ್ಷೇತ್ರ ಪರೀಕ್ಷೆಗೂ ಒಂದು ಪಾಲನ್ನು ತೆಗೆದಿಡಲಿ. ಅಂದು ನಾನು ಘಟಕಗಳ ಸಂಖ್ಯೆಯನ್ನಷ್ಟೇ ಎಣಿಸಿದೆ; ಚೆಲ್ಲಿಹೋದ ನೀರಿಗೆ ನನ್ನ ಕಡತದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.