ಗುಜರಿಯ ಸರ್ವೋ ಮೋಟಾರಿಗೆ ಮನೆಯಲ್ಲೇ ಡ್ರೈವ್

ಸಿಎನ್‌ಸಿ ಯಂತ್ರ ಹಳತಾಗಿ ಗುಜರಿ ಸೇರಿದರೂ ಅದರ ಸರ್ವೋ ಮೋಟಾರುಗಳು ಹೆಚ್ಚಾಗಿ ಗಟ್ಟಿಮುಟ್ಟಾಗಿಯೇ ಉಳಿದಿರುತ್ತವೆ. ಎಸಿ ಸರ್ವೋದಲ್ಲಿ ಕಾರ್ಬನ್ ಬ್ರಷ್ ಇಲ್ಲ; ಸವೆಯುವಂಥದ್ದು ಬೇರಿಂಗು, ಆಯಿಲ್ ಸೀಲು ಇಷ್ಟೇ. ಕೊರತೆ ಬೀಳುವುದು ಡ್ರೈವ್‌ನದು. ಮೋಟಾರಿಗೆ ಜೋಡಿಯಾಗಿ ಕರೆಂಟ್ ಒದಗಿಸುತ್ತಿದ್ದ ಆ ಪೆಟ್ಟಿಗೆ ಕೆಟ್ಟಿರುತ್ತದೆ, ಇಲ್ಲವೇ ಎಲ್ಲೋ ಮಾರಾಟವಾಗಿರುತ್ತದೆ. ಅದನ್ನು ಸ್ವಂತವಾಗಿ ಕಟ್ಟಿ ಮೋಟಾರನ್ನು ಮತ್ತೆ ದುಡಿಸುವುದು ಎಲೆಕ್ಟ್ರಾನಿಕ್ಸ್ ಹವ್ಯಾಸಗಳಲ್ಲೇ ಹೆಚ್ಚು ಕಲಿಸುವಂಥದ್ದು.

ಮೋಟಾರಿನ ಹೊರಭಾಗದಲ್ಲಿ ಮೂರು ಫೇಸಿನ ಸುರುಳಿ, ಒಳಗಿನ ರೋಟರ್ ಮೇಲೆ ಕಾಯಂ ಅಯಸ್ಕಾಂತ, ಹಿಂಬದಿಯಲ್ಲಿ ಎನ್‌ಕೋಡರ್. ರೋಟರ್ ಯಾವ ಕೋನದಲ್ಲಿದೆ ಎಂದು ಗೊತ್ತಾದರೆ ಮಾತ್ರ ಯಾವ ಸುರುಳಿಗೆ ಎಷ್ಟು ಕರೆಂಟ್ ಕೊಡಬೇಕೆಂದು ತೀರ್ಮಾನಿಸಬಹುದು. ಹಾಗಾಗಿ ಓಡಿಸುವ ಮುನ್ನ ಎನ್‌ಕೋಡರನ್ನು ಓದಬೇಕು.

ದಪ್ಪ ತಂತಿಗಳ ಗುರುತು ಸುಲಭ. ಮೂರರಲ್ಲಿ ಯಾವ ಎರಡರ ನಡುವೆ ಅಳೆದರೂ ಮಲ್ಟಿಮೀಟರ್ ಒಂದೇ ರೆಸಿಸ್ಟೆನ್ಸ್ ತೋರಿಸಬೇಕು, ಮೋಟಾರಿನ ಮೈಗೆ ಯಾವುದೂ ತಾಗಿರಬಾರದು. ಮೂರನ್ನೂ ಒಟ್ಟಿಗೆ ಹೊಸೆದು ಶಾಫ್ಟ್ ತಿರುಗಿಸಿದರೆ ಕೈಗೆ ಬಿಗಿ ಎನಿಸುತ್ತದೆ, ಬಿಡಿಸಿದರೆ ಸಡಿಲ; ಅಯಸ್ಕಾಂತ ಜೀವಂತವಾಗಿದೆ ಎಂಬುದಕ್ಕೆ ಇದೇ ಸಾಕ್ಷಿ. ಎನ್‌ಕೋಡರಿನ ಸಣ್ಣ ತಂತಿಗಳಲ್ಲಿ ಮಾತ್ರ ಅಂದಾಜು ನಡೆಯದು. ಅದರ 5 ವೋಲ್ಟ್ ಸಪ್ಲೈ ತಿರುಗುಮುರುಗಾದರೆ ಸುಟ್ಟೇಹೋಗಬಹುದು.

ಹಳೆಯ ಮೋಟಾರುಗಳಲ್ಲಿ ಇನ್‌ಕ್ರಿಮೆಂಟಲ್ ಎನ್‌ಕೋಡರ್ ಸಾಮಾನ್ಯ. 2500 ಗೆರೆಗಳ ಬಿಲ್ಲೆಯ ಮೂಲಕ ಬೆಳಕು ಹಾಯ್ದು ಎ, ಬಿ ಎಂಬ ಎರಡು ಸಿಗ್ನಲ್ ಹುಟ್ಟುತ್ತವೆ. ಯಾವುದು ಮೊದಲು ಏರುತ್ತದೆ ಎಂಬುದರಿಂದ ದಿಕ್ಕು ತಿಳಿಯುತ್ತದೆ. ಎರಡರ ಏರಿಳಿತಗಳನ್ನೆಲ್ಲ ಸೇರಿಸಿದರೆ ಒಂದು ಸುತ್ತಿಗೆ 10,000 ಎಣಿಕೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 5 ಲಕ್ಷ. 16 ಮೆಗಾಹರ್ಟ್ಸ್‌ನ ಆರ್ಡುಯಿನೊ ಊನೊಗೆ ಒಂದೊಂದು ಎಣಿಕೆಗೂ ಸಿಗುವುದು 32 ಕ್ಲಾಕ್ ಮಾತ್ರ. ಇಂಟರಪ್ಟ್‌ನೊಳಗೆ ಹೋಗಿ ಬರಲೂ ಅದು ಸಾಲದು. ಎಸ್‌ಟಿಎಂ32 ಚಿಪ್‌ಗಳ ಟೈಮರ್ ಈ ಕೆಲಸವನ್ನು ಹಾರ್ಡ್‌ವೇರಿನಲ್ಲೇ ಮುಗಿಸುವುದರಿಂದ ಅವೇ ವಾಸಿ. ಈಚಿನ ಮೋಟಾರುಗಳಲ್ಲಿ ತಯಾರಕರದೇ ಸೀರಿಯಲ್ ಪ್ರೋಟೊಕಾಲ್ ಇರುತ್ತದೆ. ಅದನ್ನು ಬಿಡಿಸಲಾಗದಿದ್ದರೆ ಶಾಫ್ಟಿನ ತುದಿಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ಎಎಸ್5047ರಂಥ ಸೆನ್ಸರ್ ಕೂರಿಸುವುದೇ ಲೇಸು.

ಓಡಿಸುವ ಭಾಗದಲ್ಲಿ ಫೇಸಿಗೆ ಎರಡರಂತೆ ಆರು ಮಾಸ್‌ಫೆಟ್ ಅಥವಾ ಐಜಿಬಿಟಿ, ಅವುಗಳ ಗೇಟಿಗೆ ಐಆರ್2110ನಂಥ ಡ್ರೈವರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥವನ್ನು ಬಿಡಿಯಾಗಿ ಕೊಳ್ಳಬಹುದು. ಒಂದೇ ಫೇಸಿನ ಮೇಲಿನದೂ ಕೆಳಗಿನದೂ ಏಕಕಾಲಕ್ಕೆ ಆನ್ ಆದರೆ ಸಪ್ಲೈ ನೇರ ಶಾರ್ಟ್. ಆದ್ದರಿಂದ ಎರಡರ ನಡುವೆ ಮೈಕ್ರೋಸೆಕೆಂಡಿನಷ್ಟಾದರೂ ಬಿಡುವು ಇಡುತ್ತಾರೆ. ಮೊದಲ ಪರೀಕ್ಷೆ 24 ವೋಲ್ಟಿನಲ್ಲೇ ಆಗಬೇಕು. 230 ವೋಲ್ಟ್ ರೆಕ್ಟಿಫೈ ಮಾಡಿದರೆ ಸಿಗುವುದು ಸುಮಾರು 325 ವೋಲ್ಟ್ ಡಿಸಿ. ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದು ಜೀವ ತೆಗೆಯಬಲ್ಲದು. 230 ವೋಲ್ಟಿಗೆ ಏರುವ ಹಂತದಲ್ಲಿ, ಸಪ್ಲೈ ತಂತಿಯ ನಡುವೆ ಬಲ್ಬ್ ಸೇರಿಸುವ ಎಲೆಕ್ಟ್ರೀಷಿಯನ್ನರ ಹಳೆಯ ಸೀರೀಸ್ ಬಲ್ಬ್ ಉಪಾಯ ಚೆನ್ನಾಗಿ ಒದಗುತ್ತದೆ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಝಗ್ಗನೆ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ.

ಎನ್‌ಕೋಡರಿನ ಎಣಿಕೆಗೂ ಅಯಸ್ಕಾಂತದ ದಿಕ್ಕಿಗೂ ತಾಳೆ ಹಾಕಲು ಒಂದು ಫೇಸಿನಿಂದ ಉಳಿದೆರಡಕ್ಕೆ ಸ್ವಲ್ಪ ಡಿಸಿ ಹರಿಸುತ್ತಾರೆ. ರೋಟರ್ ತಟ್ಟನೆ ಒಂದು ಕೋನಕ್ಕೆ ಹೊರಳಿ ನಿಲ್ಲುತ್ತದೆ. ಅಲ್ಲಿನ ಎಣಿಕೆಯೇ ಲೆಕ್ಕದ ಸೊನ್ನೆ. ಅಲ್ಲಿಂದ ಮುಂದೆ ಚಿಪ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಅಳೆದು, ಬಲವೆಲ್ಲ ತಿರುಗಣೆಗೇ ಒದಗುವಂತೆ ತಿದ್ದುತ್ತಿರುತ್ತದೆ. ಸಿಂಪಲ್‌ಎಫ್‌ಒಸಿ ಎಂಬ ಮುಕ್ತ ಲೈಬ್ರರಿಯಲ್ಲಿ ಈ ಲೆಕ್ಕವನ್ನೆಲ್ಲ ಸಾಲು ಸಾಲಾಗಿ ಓದಬಹುದು. ಬಳಸುವ ಮೊದಲು ಓದುವುದೇ ಒಳ್ಳೆಯದು.

ಭಾರ ಹೊತ್ತು ತಿರುಗುವ ಮೋಟಾರನ್ನು ಥಟ್ಟನೆ ನಿಲ್ಲಿಸಹೋದರೆ ಅದೇ ಜನರೇಟರಾಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ವೋಲ್ಟೇಜ್ ಏರಿ ಕೆಪಾಸಿಟರು, ಐಜಿಬಿಟಿ ಎರಡೂ ಹೋಗಬಹುದು. ಮಿತಿ ದಾಟಿದೊಡನೆ ಆ ಶಕ್ತಿಯನ್ನು ಶಾಖವಾಗಿ ಕಳೆಯುವ ಬ್ರೇಕ್ ರೆಸಿಸ್ಟರ್ ಹಾಕಿದ ಮೇಲೆಯೇ ಮೋಟಾರನ್ನು ಯಂತ್ರಕ್ಕೆ ಕೂರಿಸಬೇಕು.