ಟಿಪ್ಪರರಿ ತಿಪ್ಪಾರಳ್ಳಿಯಾದದ್ದು

ತುಮಕೂರಿನಿಂದ ಅರಸೀಕೆರೆ ಕಡೆಗೆ ರೈಲು ಹತ್ತಿದರೆ ಗುಬ್ಬಿ, ಅದು ದಾಟಿದರೆ ನಿಟ್ಟೂರು. ಹಾಡಿನ ಮಟ್ಟು ಎರವಲು ತರುವುದು ಈ ಸೀಮೆಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಪಾರ್ಸಿ, ಮರಾಠಿ ರಂಗಭೂಮಿಯ ಮಟ್ಟುಗಳಿಗೆ ಕನ್ನಡದ ಮಾತು ಕೂರಿಸಿ ಹಾಡುತ್ತಿದ್ದವು. ಮಟ್ಟು ಎಲ್ಲಿಯದೆಂದು ಯಾರು ಕೇಳಬೇಕು? ಹಾಡು ರುಚಿಸಿದರೆ ಒನ್ಸ್ ಮೋರ್, ಅಷ್ಟೆ. ಗುಬ್ಬಿ ವೀರಣ್ಣನವರೇ ದೊಡ್ಡ ಹಾಸ್ಯನಟ. 'ಸದಾರಮೆ'ಯ ಕಳ್ಳನ ಪಾತ್ರ ಅವರಿಗೆ ಹೆಸರು ತಂದಿತ್ತು. ಆದರೆ ಎರವಲು ಮಟ್ಟನ್ನೇ ನಗೆಗೆ ಹೂಡುವ ಕಲೆಯನ್ನು ಕನ್ನಡದಲ್ಲಿ ಪಳಗಿಸಿದವರು ಕಂಪನಿ ನಾಟಕದ ಆಡಂಬರ ಒಗ್ಗದಿದ್ದ ಒಬ್ಬ ಭೂವಿಜ್ಞಾನಿ, ಟಿ.ಪಿ. ಕೈಲಾಸಂ.

ಕೈಲಾಸಂ ಓದಿದ್ದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ. ಕಲ್ಲಿನ ಶಾಸ್ತ್ರದ ಜತೆಗೆ ಅಲ್ಲಿನ ಮ್ಯೂಸಿಕ್ ಹಾಲ್‌ಗಳ ಗತ್ತನ್ನೂ ಕಲಿತು ಬಂದರು. ಅವರು ಅಲ್ಲಿದ್ದ ಕಾಲದಲ್ಲೇ, 1912ರಲ್ಲಿ, ಜಾಕ್ ಜಡ್ಜ್ ಎಂಬಾತ 'ಇಟ್ಸ್ ಎ ಲಾಂಗ್ ವೇ ಟು ಟಿಪ್ಪರರಿ' ಹಾಡಿದ್ದು. ಲಂಡನ್ನಿಗೆ ಬಂದ ಐರಿಷ್ ಯುವಕನೊಬ್ಬ ಊರು ನೆನೆಯುವ ಹಾಡು ಅದು. ಎರಡೇ ವರ್ಷದಲ್ಲಿ ಮಹಾಯುದ್ಧಕ್ಕೆ ಹೊರಟ ಸೈನಿಕರ ಬಾಯಲ್ಲೆಲ್ಲ ಅದೇ.

ಕೈಲಾಸಂ ಕಿವಿಗೆ ಈ ಟಿಪ್ಪರರಿ ಒಂದು ಹಳ್ಳಿಯ ಹೆಸರಾಗಿ ಕೇಳಿಸಿತು: ತಿಪ್ಪಾರಳ್ಳಿ. ಅದೇ ಮಟ್ಟಿಗೆ ಆ ಹಳ್ಳಿಯ ಮೇಲೊಂದು ಕನ್ನಡ ಹಾಡು ಕಟ್ಟಿದರು. ಇದರಲ್ಲೊಂದು ಸೂಕ್ಷ್ಮವಿದೆ. ಪುಸ್ತಕದ ಕನ್ನಡದಲ್ಲಿ 'ತಿಪ್ಪಾರಹಳ್ಳಿ' ಅಂದರೆ ಮಟ್ಟು ಎಡವುತ್ತದೆ. ನಿಟ್ಟೂರು, ಕಡಬ, ಚೇಳೂರಿನ ಸಂತೆಗಳಲ್ಲಿ ಕೇಳುವ ಹಾಗೆ ಹಕಾರ ನುಂಗಿ 'ಅಳ್ಳಿ' ಅಂದರೆ ಮಾತ್ರ ಇಂಗ್ಲಿಷ್ ಮಟ್ಟಿಗೆ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ. ನನ್ನ ಪ್ರಕಾರ ಕೈಲಾಸಂ ಕಂಡುಹಿಡಿದದ್ದು ಇದನ್ನೇ. ಪಂಡಿತರು ತಪ್ಪೆನ್ನುತ್ತಿದ್ದ ರೈತನ ಉಚ್ಚಾರಣೆಯೇ ವಿಲಾಯಿತಿ ತಾಳಕ್ಕೆ ಸರಿಜೋಡಿ.

ಅವರದೇ ಇನ್ನೊಂದು ಹಾಡು 'ಕೋಳೀಕೆ ರಂಗ' ಇನ್ನೂ ಕಿಲಾಡಿ. ಅದರ ಮೂಲ 1928ರ 'ಕಾನ್‌ಸ್ಟಾಂಟಿನೋಪಲ್' ಎಂಬ ಇಂಗ್ಲಿಷ್ ಹಾಡು; ಕೈಲಾಸಂ ಲಂಡನ್ ಬಿಟ್ಟು ಆಗಲೇ ಹತ್ತು ವರ್ಷದ ಮೇಲಾಗಿತ್ತು. ಆ ಊರಿನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುವುದೇ ಮೂಲ ಹಾಡಿನ ಮೋಜು. ಕೈಲಾಸಂ ಅದನ್ನು ಕೂಲಿಮಠದ ಕಾಗುಣಿತಕ್ಕೆ ಎಳೆದು ತಂದರು. ಹಳ್ಳಿಯ ರಂಗ ಸೊನ್ನೆಯನ್ನೂ ಬಿಡದೆ ತನ್ನ ಹೆಸರನ್ನು ಬಿಡಿಸಿ ಒಪ್ಪಿಸುತ್ತಾನೆ. ಹಾಡುವವರ ಉಸಿರು ಕಟ್ಟುತ್ತದೆ, ಕೇಳುವವರಿಗೆ ನಗು ತಡೆಯುವುದಿಲ್ಲ.

ಬರೆದಿಡುವ ಜಾಯಮಾನ ಕೈಲಾಸಂ ಅವರದಲ್ಲ. ಅವರು ಹೇಳುತ್ತ ಹೋದದ್ದನ್ನು ಗೆಳೆಯರು, ಶಿಷ್ಯರು ಬರೆದುಕೊಂಡರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು.

ಈಗ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಅಣಕು ಹಾಡುಗಳಿಗೆ ಬರವಿಲ್ಲ. ಸಿನಿಮಾ ಹಾಡಿಗೆ ಬೆಲೆಯೇರಿಕೆಯನ್ನೋ ಹೆಂಡತಿಯನ್ನೋ ಅಂಟಿಸಿದರೆ ಕೆಲಸ ಮುಗಿಯಿತು. ಮೂಲ ಹಾಡು ಜನ ಮರೆತ ದಿನ ಆ ನಗೆಯೂ ಸಾಯುತ್ತದೆ. ಆದರೆ ಟಿಪ್ಪರರಿ ಎಲ್ಲಿದೆಯೆಂದು ಗೊತ್ತಿಲ್ಲದವರೂ ತಿಪ್ಪಾರಳ್ಳಿ ಹಾಡುತ್ತಾರೆ. ಅನುಮಾನವಿದ್ದವರು ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ, ಇಂಗ್ಲಿಷಿನದು ಮೊದಲು.